ನಾಲ್ಕನೆಯ ಫಿಲ್ಮು

ಕೈ ಇಲ್ಲಿಡು ಚುಲೂನ್, ಅಂಗೈ ಕೆಳಗೆ,
ಕಿರುಬೆರಳ ಕಡೆಗೆ ಇಷ್ಟು ವಾಲಿಸು.
ಉಸಿರು ಹಿಡಿಯಬೇಡ, ಅದು ಎದೆಯ ಚಿತ್ರಕ್ಕೆ.
ಹಲಗೆ ತಣ್ಣಗಿದೆ ಅಲ್ಲವಾ? ಹೊರಗೆ ಉಲಾನ್‌ಬಾತರ್
ಮೈನಸ್ ಮೂವತ್ತರಲ್ಲಿ ಕೂತಿದೆ,
ಕಲ್ಲಿದ್ದಲ ಹೊಗೆ ಬಂದು ಕಿಟಕಿಗೆ ಮುಖ ಒರೆಸುತ್ತದೆ.

ಎರಡು ಚಳಿಗಾಲದ ಹಿಂದೆ
ಅರ್ವಾಯ್‌ಖೇರ್ ದಾರಿಯ ಮಂಜುಗಡ್ಡೆಯ ಮೇಲೆ
ಬೈಕು ಒಂದು ಕಡೆ, ನೀನೊಂದು ಕಡೆ.
ಬೀಳುವವರೆಲ್ಲ ಮಾಡುವ ಹಾಗೆ ಕೈ ಮುಂದೆ ಚಾಚಿದೆ.
ಉಳುಕು ಅಂದರು ಎಲ್ಲರೂ.
ಎಲುಬು ಕೂಡಿಸುವ ಮುದುಕ ಮಣಿಕಟ್ಟು ತಿಕ್ಕಿ ತಿಕ್ಕಿ
ನೋವನ್ನು ಮಾತ್ರ ಊರಿಗೆ ಕಳಿಸಿಕೊಟ್ಟ.
ಬಿರುಕು ಉಳಿಯಿತು.
ಅದೇ ಕೈಯಲ್ಲಿ ಮೇಕೆಗಳ ಉಣ್ಣೆ ಬಾಚಿದೆ,
ನೀರಿನ ಡಬ್ಬ ಹೊತ್ತೆ, ಟ್ರಕ್ಕಿನ ಗೇರು ಎಳೆದೆ,
ಇಪ್ಪತ್ತೆರಡು ತಿಂಗಳು.
ಡಾಕ್ಟರ್ ದೊಲ್ಗೊರ್ ಕಾಗದದಲ್ಲಿ ಮೊದಲು ಬರೆದದ್ದು
ಅದೊಂದನ್ನೇ: ಎಷ್ಟು ತಡ.

ಇದು ನಿನ್ನ ಮೊದಲ ಫಿಲ್ಮು, ಬೆಳಕಿಗೆ ಹಿಡಿದು ನೋಡು.
ಗೋಡಂಬಿಯಷ್ಟು ಮೂಳೆ,
ವೈದ್ಯರು ಇಟ್ಟ ಹೆಸರು ದೋಣಿ.
ಸಮುದ್ರವಿಲ್ಲದ ನಾಡಿನವನೆ, ನಿನ್ನೊಳಗೊಂದು ದೋಣಿ
ನಡುವೆ ಸೀಳಿ ನಿಂತಿದೆ.
ಇದಕ್ಕೆ ನೆತ್ತರು ಬರುವುದು ಬೆರಳ ಕಡೆಯಿಂದ,
ಹಿಂದಕ್ಕೆ, ಹೊಳೆ ಬೆಟ್ಟ ಹತ್ತಿದ ಹಾಗೆ.
ತೋಳಿಗೆ ಹತ್ತಿರದ ಈ ಚೂರೇ
ಊಟಕ್ಕೆ ಕೊನೆಯ ಪಂಕ್ತಿ.
ನಿನ್ನದು ಮುರಿದದ್ದೂ ಅಲ್ಲೇ.

ಎರಡನೆಯದರಲ್ಲಿ ಬೆಳ್ಳಗೆ ಹೊಳೆಯುವುದು ಸ್ಕ್ರೂ.
ಸುತ್ತ ತುಂಬಿರುವುದು ಸೊಂಟದಿಂದ ಕಡ ತಂದ ಎಲುಬು.
ಒಳಗೆ ಕೊರೆದಾಗ ಸಾಸಿವೆ ಕಾಳಿನಷ್ಟು
ಕೆಂಪು ಚುಕ್ಕಿ ಮೂಡಿದವಂತೆ, ಎರಡೋ ಮೂರೋ.
ಚಹಾ ಆರುವ ತನಕ ದೊಲ್ಗೊರ್ ಅದನ್ನೇ ಹೇಳಿದರು:
ಸತ್ತಿಲ್ಲ, ಪೂರ್ತಿ ಸತ್ತಿಲ್ಲ.

ಮೂರನೆಯದು ಆರನೆಯ ವಾರದ್ದು. ಗೆರೆ ಇದ್ದ ಹಾಗೇ ಇದೆ.
ಸಿಗರೇಟು ಬಿಟ್ಟೆಯಾ ಎಂದೆ.
ಬಿಟ್ಟೆ, ಎಂದಿತು ನಾಲಿಗೆ. ಅದಕ್ಕೆ ಎಲುಬಿಲ್ಲ.
ಎಲುಬಿರುವುದು ಹಾಗೆ ಹೇಳಲಿಲ್ಲ.
ನಿನ್ನ ಹೆಂಡತಿ ಸರಂಗುವಾ ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಳು.
ನಾನು ಬಯ್ಯಲಿಲ್ಲ,
ನನ್ನ ಕೋಟಿನ ಜೇಬಲ್ಲೂ ಅರ್ಧ ಪ್ಯಾಕು ಇತ್ತು.

ಅಲ್ಲಾಡಬೇಡ.
ಆಯಿತು, ಇದು ನಾಲ್ಕನೆಯದು.
ಬಿಳಿ ತಿಂಗಳ ಹಬ್ಬಕ್ಕೆ
ಶಗಾಯ್ ಚಿಮ್ಮಬಹುದಾ ಎಂದು ಕೇಳುತ್ತೀಯ.
ಕುರಿಯ ಕಾಲಿನ ಗಿಣ್ಣುಮೂಳೆ, ನಾಲ್ಕು ಮುಖ:
ಕುದುರೆ, ಒಂಟೆ, ಕುರಿ, ಆಡು.
ಸತ್ತ ಕುರಿಯ ಮೂಳೆ ಎಷ್ಟು ಉರುಳಿದರೂ
ಯಾವುದೋ ಒಂದು ಮುಖ ತೋರಿಸಲೇಬೇಕು.
ಬದುಕಿರುವ ಮೂಳೆಗೆ ಆ ಅವಸರವಿಲ್ಲ.

ಗೆರೆಯ ಒಂದು ತುದಿಯಲ್ಲಿ ಏನೋ ಬೂದು ಬಣ್ಣ,
ಇದೆ ಎಂದರೆ ಇದೆ, ಉಜ್ಜಿದರೆ ಹೋದೀತು ಎನಿಸುವಷ್ಟು.
ಕೂಡಿದೆ ಎನ್ನಲು ನಾನು ಯಾರು,
ನಾನು ಫಿಲ್ಮು ತೆಗೆಯುವವಳು.
ಒಳಗೆ ಹೋಗಿ ದೊಲ್ಗೊರ್‌ಗೆ ತೋರಿಸು.
ಕೋಟು ಹಾಕಿಕೋ ಮೊದಲು.
ಬೇಡ, ಬೇಡ, ಆ ಕೈಯಲ್ಲಿ ಬೇಡ.
ಗುಂಡಿ ಇವತ್ತೂ ಅವಳೇ ಹಾಕಲಿ.