ಬಾವಿಕಟ್ಟೆಯ ಗಿಡ

ಶಂಕರಪುರದ ಬೆನೆಡಿಕ್ಟಾ ಬಾಯಿಯ ಅಂಗಳದಲ್ಲಿ
ಮೂವತ್ತೆಂಟು ಮಲ್ಲಿಗೆ ಗಿಡ.
ಒಂದೂ ಬೀಜದಿಂದ ಹುಟ್ಟಿದ್ದಲ್ಲ.
ಎಲ್ಲ ಯಾರದೋ ಗಿಡದ ಗೆಲ್ಲು,
ಯಾರೋ ಮುರಿದು, ಒದ್ದೆ ಗೋಣಿಯಲ್ಲಿ ಸುತ್ತಿ
ಬಸ್ಸಿನ ಸೀಟಿನಡಿ ಇಟ್ಟು ತಂದದ್ದು.

'ಇದು ಕಟಪಾಡಿಯ ಅಪ್ಪಿ ಶೆಡ್ತಿ ಕೊಟ್ಟದ್ದು.
ಅವಳಿಗೆ ಕೊಟ್ಟದ್ದು ನನ್ನ ದೊಡ್ಡಮ್ಮ.
ಅಂದರೆ ನಮ್ಮದೇ, ಊರು ಸುತ್ತಿ ಬಂದದ್ದು.
ಅದೋ, ಆಚೆ ಮೂಲೆಯದ್ದು, ಹಟಮಾರಿ,
ಮಳೆ ಬಿಟ್ಟ ಮೇಲೂ ಒಂದು ತಿಂಗಳು ಮುನಿಸು.'

ಬೆಳಕು ಹರಿಯುವ ಮೊದಲೇ ಅವರು ಮೊಗ್ಗು ಕೊಯ್ಯುತ್ತಾರೆ.
ಬಾಡಿಗೆ ಕೋಣೆಯ ಮೆಟ್ಟಿಲಲ್ಲಿ ಕೂತು
ನಾನು ಚಾ ಕುಡಿಯುತ್ತೇನೆ.
ಎಂಟಕ್ಕೆ ಮಣಿಪಾಲದ ಬಸ್ಸು.

ಅಲ್ಲಿ ನನ್ನ ಕೆಲಸ:
ಇನ್ನೂ ಒಂದೇ ಕೋಶವಾಗಿರುವ ಮೀನಿನೊಳಗೆ
ಸೂಜಿಯಲ್ಲಿ ಕತ್ತರಿ ಬಿಡುವುದು.
ಕತ್ತರಿಯೆಂದರೆ ಪ್ರೋಟೀನು, ಕಣ್ಣಿಗೆ ಕಾಣದ್ದು.
ಡಿಎನ್‌ಎಯಲ್ಲಿ ನಾವು ಮೊದಲೇ ಇಟ್ಟ
ಹತ್ತು ಖಾಲಿ ಮನೆಗಳನ್ನು ಹುಡುಕಿ ಕಚ್ಚುತ್ತದೆ.
ಕೋಶ ಗಡಿಬಿಡಿಯಲ್ಲಿ ಹೊಲಿದುಕೊಳ್ಳುತ್ತದೆ,
ಒಂದಕ್ಷರ ಹೆಚ್ಚು, ಮೂರಕ್ಷರ ಕಮ್ಮಿ.
ಆ ತಪ್ಪು ಹೊಲಿಗೆ ಮಾಸುವುದಿಲ್ಲ.
ಕೋಶ ಎರಡಾದರೆ ಎರಡಕ್ಕೂ ಅದೇ ಕಲೆ,
ನಾಲ್ಕಾದರೆ ನಾಲ್ಕಕ್ಕೂ, ಮೇಲೊಂದು ಹೊಸತು.
ಹೀಗೆ ಮೀನು
ತಾನು ಬೆಳೆದದ್ದನ್ನು ತನಗೇ ತಿಳಿಯದೆ
ಮೈಯೆಲ್ಲ ಬರೆದುಕೊಳ್ಳುತ್ತದೆ.

ಐದನೆಯ ದಿನ ಅದಕ್ಕೆ ಎರಡು ಕಣ್ಣು,
ಬಡಿಯುವ ಎದೆ, ಗಾಜಿನಂಥ ಬಾಲ.
ಸಣ್ಣ ಕೊಳವೆಯಲ್ಲಿ ಅದನ್ನು ಕರಗಿಸುತ್ತೇವೆ.
ಕೋಶಗಳು ಬಿಡಿಬಿಡಿಯಾಗಿ
ಕಲೆ ತೋರಿಸುತ್ತ ಸಾಲಾಗಿ ಹಾದುಹೋಗುತ್ತವೆ.
ಕಣ್ಣಿನದೊಂದು, ಕಿವಿರಿನದೊಂದು,
ಒಂದೇ ಕಲೆ! ಓಹೋ, ನೀವಿಬ್ಬರೂ
ಎರಡನೆಯ ಗಂಟೆಯವರೆಗೆ ಒಂದೇ ಒಡಲು.
ಪರದೆಯ ಮೇಲೆ ಕಂಪ್ಯೂಟರು ಮರ ಬಿಡಿಸುತ್ತದೆ,
ಬುಡ ಮೇಲೆ, ಎಲೆ ಕೆಳಗೆ.

ಇದನ್ನೆಲ್ಲ ಒಂದು ರಜೆಯ ದಿನ ಬಾಯಿಗೆ ಹೇಳಿದೆ.
ತೊಡೆಯ ಮೇಲೆ ಬಾಳೆನಾರು, ಮೊರದ ತುಂಬ ಮೊಗ್ಗು.
ಎಂಟುನೂರಕ್ಕೆ ಒಂದು ಚೆಂಡು, ನಾಲ್ಕು ಚೆಂಡಿಗೆ ಅಟ್ಟೆ.
ಲೆಕ್ಕ ತಪ್ಪದ ಬೆರಳು.

'ಮೀನು ಎಂತ ಆಯಿತು?'
'ಮೀನು ಇಲ್ಲ ಬಾಯಿ.'
'ಮತ್ತೆ ಅದರ ಕತೆ ಯಾರಿಗೆ ಹೇಳುದು ಮಾರಾಯ್ತಿ?'

ನನ್ನ ಹತ್ತಿರ ಉತ್ತರ ಇತ್ತು.
ಕ್ಯಾನ್ಸರು, ರಕ್ತದ ಕಾಯಿಲೆ, ಯಾವ ಕೋಶ
ಯಾವಾಗ ದಾರಿ ತಪ್ಪಿತೆಂದು ತಿಳಿದರೆ…
ಅನುದಾನದ ಅರ್ಜಿಯ ಎರಡನೇ ಪುಟದಲ್ಲಿ ಉಂಟು.
ಹೇಳಲಿಲ್ಲ. ಮಾತು ತಿರುಗಿಸಲು ಕೇಳಿದೆ:
'ಬಾವಿಕಟ್ಟೆಯ ಆ ಗಿಡ? ಅದು ಯಾರು ಕೊಟ್ಟದ್ದು?'

ಬೆರಳು ನಿಂತಿತು.
ಆರುನೂರ ಎಷ್ಟೋ.
ಮತ್ತೆ ಒಂದರಿಂದ ಎಣಿಸತೊಡಗಿದರು.

ನಮ್ಮಲ್ಲೂ ಹಾಗಾಗುತ್ತದೆ.
ಎರಡು ಕಡೆ ಒಟ್ಟಿಗೆ ಕತ್ತರಿ ಬಿದ್ದರೆ
ನಡುವಿನದೆಲ್ಲ ಉದುರಿ ಹೋಗುತ್ತದೆ,
ಬರೆದದ್ದೂ, ಇನ್ನು ಬರೆಯಬೇಕಿದ್ದ ಜಾಗವೂ.
ತುದಿಗೆ ತುದಿ ಕೂಡಿ ಕೋಶ ಚೆನ್ನಾಗಿಯೇ ಇರುತ್ತದೆ,
ಉಣ್ಣುತ್ತದೆ, ಒಡೆದು ಎರಡಾಗುತ್ತದೆ,
ಆ ಖಾಲಿಯನ್ನೂ ಮಕ್ಕಳಿಗೆ ಕೊಡುತ್ತದೆ.
ಮರದಲ್ಲಿ ಅಂಥವಕ್ಕೆ ಬೂದು ಬಣ್ಣ.
ಟಿಪ್ಪಣಿ: ಓದಲಾಗಲಿಲ್ಲ.

ಆ ಗಿಡದ ಮೊಗ್ಗಿನ ತೊಟ್ಟು
ಉಳಿದವಕ್ಕಿಂತ ಒಂದೆಳೆ ಕೆಂಪು.
ಎಲ್ಲ ಮುಗಿದ ಮೇಲೆ ಅದನ್ನು ಕೊಯ್ಯುತ್ತಾರೆ.
ಚೆಂಡಿಗೆ ಸೇರಿಸುವುದಿಲ್ಲ, ಕಟ್ಟೆಗೆ ಕಳಿಸುವುದಿಲ್ಲ,
ದರ ಎಷ್ಟೇ ಏರಲಿ.
ಒಂದು ಗ್ಲಾಸು ನೀರಿಗೆ ಹಾಕಿ
ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಯ ಪಕ್ಕ.
ದೇವರ ಫೋಟೋದೆದುರು ಅಲ್ಲ.

ಯಾರೂ ಕತ್ತರಿ ಬಿಡದೆಯೂ
ಗಿಡ ತಪ್ಪು ಹೊಲಿಗೆ ಹಾಕುತ್ತದೆ, ಗೆಲ್ಲಿನಿಂದ ಗೆಲ್ಲಿಗೆ.
ಊರಿನ ನಾಲ್ಕು ಅಂಗಳದಿಂದ ಒಂದೊಂದು ಎಲೆ ಸಿಕ್ಕರೆ
ಪಕ್ಕಪಕ್ಕ ಇಟ್ಟು ಹೇಳಬಹುದು
ಆ ಗಿಡ ಎಲ್ಲಿಯದ್ದೆಂದು.

ನಿನ್ನೆ ಒಂದು ಎಲೆ ಉದುರಿತ್ತು,
ನನ್ನ ಚಪ್ಪಲಿಯ ಹತ್ತಿರವೇ.
ಹೆಕ್ಕಿ ಪರ್ಸಿನಲ್ಲಿಟ್ಟೆ, ಬಸ್ಸಿನ ಟಿಕೆಟುಗಳ ನಡುವೆ.
ಒಣಗುತ್ತಿದೆ.
ಒಣಗಿದರೂ ಓದಬಹುದು.