ಇಪ್ಪತ್ತೊಂದನೆಯ ಪ್ರತಿ

ಕೌಲ್ ಬಜಾರಿನ ಯರ್ರಿಸ್ವಾಮಿಯ ಲಗ್ನಪತ್ರಿಕೆ ಪ್ರೆಸ್ಸು ಮುಚ್ಚಿದಾಗ
ಗುಜರಿಯವನಿಗಿಂತ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟು
ಆ ಕಬ್ಬಿಣ ನಾನೇ ಕೊಂಡೆ.
ಮೊದಲ ವಾರ ಏನೊತ್ತಿದರೂ
ಹಾಳೆಯ ಅಂಚಿಗೆ ಅರಿಶಿನದ ವಾಸನೆ.
ಮೂಲೆಯಲ್ಲೊಂದು ಸೀಸದ ಗಣಪತಿ ಕಚ್ಚಿಕೊಂಡಿದ್ದ,
ತೆಗೆಯಲಿಲ್ಲ. ಅವನ ಪಾಡಿಗೆ ಅವನು.

ಕೆತ್ತುವುದೆಲ್ಲ ತಿರುವುಮುರುವು.
ಕೋಟೆಗುಡ್ಡದ ಬಂಡೆಯ ಮೇಲೆ ತಲೆ ಹಾಕುವ ಓತಿಕ್ಯಾತ
ಪಡುವಣಕ್ಕೆ ನೋಡಬೇಕೆಂದರೆ
ಮೂಡಣಕ್ಕೆ ಕೂರಿಸಬೇಕು.
ಆರು ವರ್ಷದಲ್ಲಿ ಕಣ್ಣು ಎಷ್ಟು ಕೆಟ್ಟಿದೆಯೆಂದರೆ
ರಾಯಲ್ ಸರ್ಕಲ್ಲಿನ ಬೋರ್ಡುಗಳು
ನೆಟ್ಟಗಿರುವುದೇ ತಪ್ಪು ಅನಿಸುತ್ತದೆ.
ಬೆಳಕು ಬೇಕಾದಲ್ಲಿ ಉಳಿ,
ಕತ್ತಲು ಬೇಕಾದಲ್ಲಿ ಸುಮ್ಮನಿರುವುದು.
ಸುಮ್ಮನಿರಲು ಕಲಿಯುವುದರಲ್ಲೇ
ಹೆಚ್ಚು ಲೈನೋ ಹಾಳಾಯಿತು.

ಅದಿರಿನ ಗೂಡ್ಸು ಹೋಗುವಾಗ ಗೋಡೆ ನಡುಗಿ
ತಂಗಡಿ ಹೂವಿನ ಹಳದಿ ಕೂದಲೆಳೆ ಸರಿಯುತ್ತದೆ.
ಗೂಡ್ಸಿಗೆ ಟೈಮ್‌ಟೇಬಲ್ ಇಲ್ಲ,
ಅಂಗಾಲಲ್ಲಿ ಆಲಿಸಿ ಎರಡನೇ ಬಣ್ಣ ಹಾಕುತ್ತೇನೆ.
ಹಗ್ಗದ ಮೇಲೆ ಒಣಗುವ ಹಾಳೆಗೆ
ಕೆಂಧೂಳು ಕೇಳದೆ ಬಂದು ಕೂರುತ್ತದೆ.
ಕೊಳ್ಳುವವರು ಉಗುರಲ್ಲಿ ಕೆರೆದು: "ಇದು ಕಲೆ ಅಲ್ವಾ?"
"ಹೌದು ಸರ್, ಕಲೆಯೇ. ಅದಕ್ಕೆ ಬೇರೆ ದುಡ್ಡಿಲ್ಲ."

ಭಾನುವಾರ ಸಂಜೆ ಕೋಟೆ ಕೆಳಗಿನ ಫುಟ್‌ಪಾತು.
ಈ ಕಡೆ ಒಗ್ಗರಣೆ-ಮಿರ್ಚಿ ಬಂಡಿ, ಆ ಕಡೆ ಮೊಬೈಲ್ ಕವರು,
ನಡುವೆ ನನ್ನ ಉತ್ತರಾಣಿ, ಜಾಲಿ, ಗೌಜಲಹಕ್ಕಿ.
"ಏಳು ಕುದುರೆ ಓಡೋದು ಇಲ್ವಾ? ಗಲ್ಲಾದ ಹಿಂದೆ ಹಾಕ್ತಾರಲ್ಲ?"
"ಎಕ್ಕಾನಾ! ಎಕ್ಕುಟ್ಟಿ ಹೋಗು ಅಂತ ಬೈಯೋದು ಕೇಳಿಲ್ವೇನಮ್ಮ,
ಅದನ್ನ ಯಾರಾದ್ರೂ ಮನೇಲಿ ಇಟ್ಕೋತಾರಾ?"
"ಝೆರಾಕ್ಸೇ ತಾನೆ, ಐವತ್ತಕ್ಕೆ ಕೊಡು."
ವಿವರಿಸುತ್ತೇನೆ: ಇಪ್ಪತ್ತೇ ಒತ್ತುವುದು,
ಆಮೇಲೆ ಅಚ್ಚಿನ ಮೈಗೆ ಗೀರು ಹಾಕಿ ಕೊಲ್ಲುವುದು.
ಕೆಳಗೆ ಪೆನ್ಸಿಲಿನಲ್ಲಿ ಬರೆದ ೭/೨೦ ನೋಡಿ
ಒಬ್ಬಾಕೆ ಗಂಡನನ್ನು ಕೂಗಿದಳು:
"ರೀ, ಇಪ್ಪತ್ತಕ್ಕೆ ಏಳಂತೆ!"

ಮಾರಿದ್ದನ್ನು ಸುತ್ತಿ ಕೊಡುವುದು
ಜೀನ್ಸ್ ಥಾನಿನ ಒಳಗಿನ ರಟ್ಟಿನ ಕೊಳವೆಯಲ್ಲಿ.
ಹೊನ್ನೂರ್ ಸಾಬರು ತಂದುಕೊಡುತ್ತಾರೆ, ಒಂದಕ್ಕೆ ನಾಲ್ಕು ರೂಪಾಯಿ.
ಅವರ ಬೆರಳ ತುದಿ ಯಾವತ್ತೂ ನೀಲಿ, ನನ್ನದು ಕಪ್ಪು.
ಮೂರು ವರ್ಷ ಚಿತ್ರದ ಕಡೆ ಕಣ್ಣೆತ್ತದವರು
ಅವತ್ತು ಎಕ್ಕದ ಮುಂದೆ ಚೀಲ ಇಳಿಸಿ ನಿಂತರು.
"ಇದು ನಮ್ಮ ಕಾರ್ಖಾನೆ ಹಿಂದಿಂದು."
ಹೌದು. ಕೊಳವೆಗೆಂದು ಹೋಗಿ ಕಾಯುವಾಗ ಬರೆದುಕೊಂಡದ್ದು:
ಮೋರಿಯ ಗೋಡೆ ಸೀಳಿ ಬಂದ ಗಿಡ,
ನೆರಳಿಲ್ಲದಿದ್ದರೂ ಅದರ ಬುಡದಲ್ಲೇ
ಹದಿನಾಲ್ಕು ಜನರ ಬುತ್ತಿ ಬಿಚ್ಚುತ್ತಿತ್ತು.
ಈಗ ಅಲ್ಲಿ ಗೋದಾಮು. "ಒಂದು ನನಗೂ ತೆಗೀರಿ."

ಇಪ್ಪತ್ತನೆಯದು ಹುಬ್ಬಳ್ಳಿಗೆ ಹೋಗಿತ್ತು.
ಗೋಡೆಯ ಮೇಲಿದ್ದದ್ದು ಮೊದಲ ಕರಡು, ಅರ್ಧ ಮಸಿ ಹಿಡಿಯದ್ದು.
ಅಚ್ಚಿಗೆ ಮೂಲೆಯಿಂದ ಮೂಲೆಗೆ ಐದು ಗೀರು.
ನಿಯಮ ನಿಯಮವೇ, ಅಂದೆ.
ಯಾರು ಮಾಡಿದ್ದು, ಅಂತ ಅವರು ಕೇಳಲಿಲ್ಲ,
ಹಾಗಾಗಿ ಒಂದು ವಾರ ನಾನೇ ಕೇಳಿಕೊಂಡೆ.

ರಾತ್ರಿ ಹನ್ನೊಂದಕ್ಕೆ ಮಸಿ ಉರುಳಿಸಿ, ಹಾಳೆ ಹೊದಿಸಿ
ಸ್ಟೀಲಿನ ಚಮಚದ ಬೆನ್ನಲ್ಲಿ ಉಜ್ಜಿದೆ,
ಪ್ರೆಸ್ಸಿಗೆ ತಿಳಿಯಬಾರದೆಂಬಂತೆ.
ದಪ್ಪ ಎಲೆಗಳ ಅಡ್ಡಕ್ಕೆ ಐದು ಬಿಳಿ ದಾರಿ.
ಸಂಖ್ಯೆ ಬರೆಯುವ ಜಾಗಕ್ಕೆ ಬಂದು ಪೆನ್ಸಿಲು ನಿಂತಿತು.
ಖಾಲಿ ಬಿಟ್ಟೆ.

ಸಾಬರು ಕನ್ನಡಕ ಹಾಕಿ
ಎಲೆ ನೋಡುವ ಮೊದಲು ಗೀರು ನೋಡಿದರು,
ಹೆಬ್ಬೆರಳಿಂದ, ಮುಟ್ಟಿಯೂ ಮುಟ್ಟದೆ.
"ಹೊಲಿಗೆ ಬಿಚ್ಚಿದ ಮೇಲೆ ಜೀನ್ಸಿನ ಮೇಲೆ
ಹಿಂಗೇ ಬೆಳ್ಳಗೆ ಗೆರೆ ಉಳೀತದೆ.
ತೊಳೆದ್ರೂ ಹೋಗಲ್ಲ."
ಆಮೇಲೆ, ವ್ಯಾಪಾರದ ದನಿಯಲ್ಲಿ: "ಎಷ್ಟು?"
ನಾನೂರು ಅಂದೆ. ಕಡಿಮೆ ಹೇಳಿದರೆ
ಬೇಜಾರಾಗುವ ಮನುಷ್ಯ.

ನೂರು ಕೊಳವೆ ತಂದು ಮೂಲೆಗೆ ನಿಲ್ಲಿಸಿ ಹೋಗಿದ್ದಾರೆ,
ನಾನು ಎರಡು ವರ್ಷ ಮಾರಿದರೂ ಮುಗಿಯದಷ್ಟು.
ಗೂಡ್ಸು ಹೋದಾಗಲೆಲ್ಲ
ನೂರೂ ಬಾಯಿ ಒಟ್ಟಿಗೆ ಗುಂಯ್ ಅನ್ನುತ್ತವೆ.
ಉಳಿ ಎತ್ತಿ ಹಿಡಿದು ಕಾಯುತ್ತೇನೆ, ಮುಗಿಯಲಿ ಎಂದು.