ಸಂಘದ ವಾಸ್ತು

ಗೋಣಿಕೊಪ್ಪದ ನಮ್ಮ ಕಾಫಿ ಬೆಳೆಗಾರರ ಸಂಘಕ್ಕೆ
ವಾಸ್ತುಶಿಲ್ಪಿ ಬರುತ್ತಾರೆಂದು ಅಧ್ಯಕ್ಷರು ಹೇಳಿದ್ದೇ ತಡ
ಅಟೆಂಡರ್ ಐತಪ್ಪ ಕ್ಯಾಷಿನ ಬೀರುವನ್ನು
ರಾತ್ರೋರಾತ್ರಿ ಕುಬೇರ ಮೂಲೆಗೆ ತಳ್ಳಿಟ್ಟ.

ಬಂದವಳು ಚೋಂದಮ್ಮ, ಅಮ್ಮತ್ತಿಯ ಹುಡುಗಿ.
ಕೈಯಲ್ಲಿ ದಿಕ್ಸೂಚಿಯಿಲ್ಲ, ಅಳತೆಯ ಟೇಪಿಲ್ಲ,
ಒಂದು ಸುರುಳಿ ಕಂದು ಕಾಗದ, ನಾಲ್ಕು ಸ್ಕೆಚ್ ಪೆನ್ನು.
"ಕಟ್ಟಡದ್ದಲ್ಲ, ಕೆಲಸದ್ದು," ಎಂದಳು.
"ಬಾಗಿಲು ಯಾವ ದಿಕ್ಕಿಗಾದರೂ ಇರಲಿ."
ಐತಪ್ಪ ಬೀರುವನ್ನು ವಾಪಸು ತರಲಿಲ್ಲ.
ಯಾಕೆ ಬೇಕು.

ವಿಷಯ ಇಷ್ಟೇ: ಎರಡನೇ ಗೋದಾಮು ಕಟ್ಟುವುದೋ ಬೇಡವೋ.
ಫೆಬ್ರವರಿ ಬಂತೆಂದರೆ ವರಾಂಡದಲ್ಲಿ ಚೀಲ, ಜೀಪಿನ ಶೆಡ್ಡಿನಲ್ಲಿ ಚೀಲ;
ಹೋದ ವರ್ಷವಂತೂ ನಿರ್ದೇಶಕರು
ರೊಬಸ್ಟಾ ಚೆರಿಯ ಮೇಲೆಯೇ ಕೂತು ಸಭೆ ಮುಗಿಸಿದರು.
ಅರವತ್ತು ಲಕ್ಷ. ಬ್ಯಾಂಕಿನ ಕಾಗದ ತಯಾರು.
ಹೂಮಳೆ ಬೀಳುವ ಮುಂಚೆ ತೀರ್ಮಾನವಾಗಬೇಕು.

ಅವಳು ಗೋದಾಮನ್ನು ಅಳೆಯಲೇ ಇಲ್ಲ.
ಒಂದು ಚೀಲದ ಹಿಂದೆ ನಡೆದಳು.
ತೂಕದ ಮನೆಯ ಹಂಸನನ್ನು ಕೇಳಿದಳು:
"ಈ ಚೀಟಿ ಇಲ್ಲಿಂದ ಎಲ್ಲಿಗೆ?"
"ಲ್ಯಾಬಿಗೆ."
"ಯಾರು ಒಯ್ಯುತ್ತಾರೆ?"
"ಆ ಕಡೆ ಯಾರು ಹೋಗ್ತಾರೋ ಅವರು."
ಲ್ಯಾಬಿನಲ್ಲಿ ದೇಚಮ್ಮ ತೇವ ನೋಡುತ್ತಾಳೆ, ಔಟ್‌ಟರ್ನ್ ನೋಡುತ್ತಾಳೆ;
ಅದೇ ತೇವವನ್ನು ಗೋದಾಮಿನಲ್ಲಿ ಪೂವಣ್ಣ ಮತ್ತೆ ನೋಡುತ್ತಾನೆ,
ಯಾಕೆಂದು ಅವನಿಗೂ ಗೊತ್ತಿಲ್ಲ,
ಅವನಿಗಿಂತ ಮುಂಚೆ ಇದ್ದವರು ನೋಡುತ್ತಿದ್ದರು.

ನಾಲ್ಕನೇ ದಿನ ಸಭಾಂಗಣದ ಗೋಡೆ ತುಂಬ ಕಾಗದ.
ಕೆಲಸ ಕೆಂಪು, ಲೆಕ್ಕ ನೀಲಿ, ಯಂತ್ರ ಹಸಿರು,
ಯಾರ ಕೈ ಎಂಬುದು ಕಪ್ಪು.
ದೂರ ನಿಂತು ನೋಡಿದರೆ
ಕೀರೆಹೊಳೆಗೆ ಇಳಿಯುವ ತೋಡುಗಳ ಹಾಗೆ
ನೀಲಿ ಗೆರೆಗಳೆಲ್ಲ ಒಂದು ಸಣ್ಣ ಚೌಕಕ್ಕೆ ಬಂದು ಬೀಳುತ್ತಿದ್ದವು.
ಚೌಕದೊಳಗೆ ಬರೆದಿತ್ತು:
ಕುಶಾಲಪ್ಪನವರ ನೋಟ್‌ಬುಕ್ಕು.

ಅದು ನಾನು. ಸ್ಟೋರ್ ಗುಮಾಸ್ತ, ಇಪ್ಪತ್ತೇಳು ವರ್ಷ.
ಯಾರ ಚೀಲ ಮಾರಾಟಕ್ಕೆ, ಯಾರದು ಬರೀ ಇಡುವುದಕ್ಕೆ,
ಯಾರು ಮಗಳ ಮದುವೆಗೆ ಕಾಯುತ್ತಾರೆ, ಯಾರು ದರ ಏರಲೆಂದು,
ಕಂಪ್ಯೂಟರಿಗೆ ಇದೆಲ್ಲ ಗೊತ್ತಿಲ್ಲ.
ನನ್ನ ರೂಲ್ ನೋಟಿಗೆ ಗೊತ್ತು,
ನನಗೆ ಮಾತ್ರ ತಿಳಿಯುವ ಗುರುತುಗಳಲ್ಲಿ.

ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.
ಆಮೇಲೆ ಅವಳು ಮೆಲ್ಲಗೆ ಕೇಳಿದಳು:
"ಹೋದ ಫೆಬ್ರವರಿ ನಿಮ್ಮ ಹರ್ನಿಯಾ ಆಪರೇಷನ್.
ಎಷ್ಟು ದಿನ ರಜೆ?"
"ಹತ್ತೊಂಬತ್ತು."
ಅವಳು ಗೋಡೆಯ ಮೇಲೆ ಎರಡು ತಾರೀಕು ಬರೆದಳು.
ನಿರ್ದೇಶಕರು ಚೀಲದ ಮೇಲೆ ಕೂತಿದ್ದು
ಅವುಗಳ ನಡುವೆ.

"ಹಾಗಾದರೆ ಗೋದಾಮು ಬೇಡ ಅಂತೀಯಾ?" ಪಳಂಗಪ್ಪನವರು ಗುಡುಗಿದರು.
"ಬೇಕು ಬೇಡ ನೀವು ಹೇಳಬೇಕು.
ಒಳಗಿರುವ ಚೀಲಗಳಲ್ಲಿ ಅರ್ಧ ಆಗಲೇ ಮಾರಿಹೋಗಿವೆ,
ಚೀಟಿ ಸಿಕ್ಕದೆ, ಮಂಗಳವಾರದ ಸಹಿಯಾಗದೆ ನಿಂತಿವೆ.
ಚೀಟಿ ಒಂದೇ ಸಲ ಬರೆಯಿರಿ, ಒಂದು ಬೆಳೆ ನೋಡಿ.
ಆಮೇಲೂ ಜಾಗ ಸಾಲದಿದ್ದರೆ ಕಟ್ಟಿ.
ಈಗ ನೀವು ಮನೆ ಕಟ್ಟಹೊರಟಿರುವುದು
ಕಾಫಿಗಲ್ಲ, ಕಾಯುವುದಕ್ಕೆ."
ಅಡಿಗಲ್ಲಿನ ಕಲ್ಲು ಕೆತ್ತಿಸಿ ಆಗಿತ್ತು.
ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೂಮಳೆ ಬಂತು: ಒಂದು ಇಂಚು, ಹನ್ನೆರಡು ಸೆಂಟು.
ಕಲ್ಲು ಶೆಡ್ಡಿನಲ್ಲಿ ಬೋರಲು ಮಲಗಿದೆ, ಐತಪ್ಪ ಅದರ ಮೇಲೆ ಕತ್ತಿ ಮಸೆಯುತ್ತಾನೆ.
ಸಂಜೆ ಐದರ ಮೇಲೆ ನಾನು ದೇಚಮ್ಮನಿಗೆ
ಒಂದೊಂದೇ ಗುರುತು ಬಿಡಿಸಿ ಹೇಳುತ್ತೇನೆ,
ಅವಳು ಕಂಪ್ಯೂಟರಿಗೆ ಹೇಳುತ್ತಾಳೆ.
ಸೊನ್ನೆಯೊಳಗೆ ಚುಕ್ಕಿ ಇದ್ದರೆ ಮದುವೆ.
ಅಡ್ಡಗೆರೆ ಇದ್ದರೆ ಅಣ್ಣತಮ್ಮಂದಿರ ತಕರಾರು, ಕೊಡಬೇಡ.
ಕೊಂಬಿನಂಥದ್ದು ಇದ್ದರೆ ಹೆಂಡತಿಗೆ ಹೇಳದೆ ಇಟ್ಟದ್ದು.
ಇದನ್ನೂ ಹಾಕಬೇಕಾ ಅಂಕಲ್, ಎಂದಳು. ಬೇಡವೆಂದೆ.

ಒಂದು ಗುರುತಿನ ಅರ್ಥ ಮಾತ್ರ
ಎಷ್ಟು ತಿಣುಕಿದರೂ ನನಗೇ ನೆನಪಾಗಲಿಲ್ಲ.
ಪುಟ ಹಳದಿ, ಕೈಬರಹ ನನ್ನದೇ.
ಗೋದಾಮಿನ ಬಡಗಣ ಮೂಲೆಯಲ್ಲಿ
ಅದರ ಹನ್ನೊಂದು ಚೀಲ ಹಾಗೇ ಇವೆ.